ಖಾಲಿ ಸಾಕೆಟ್ಟು, ತೋಳಿನ ತಿರುವು

ಕುಲಿಪಾ ಎಜೆ ತೋಳಿನ ಪ್ಯಾಟರ್ನಿನಲ್ಲಿ ಏನಾದರೂ ತಿದ್ದಿ ಎಂಟರ್ ಒತ್ತಿದರೆಂದರೆ ನಾನು ಎದ್ದು ಚಹಾಕ್ಕೆ ನೀರಿಡುತ್ತಿದ್ದೆ. ನೀರು ಕುದಿದು, ಚಹಾ ಇಳಿದು, ಪಿಯಾಲೆಗಳಿಗೆ ಬಗ್ಗಿಸಿ, ಎರಡನೇ ಸುತ್ತು ಕುಡಿಯುವ ಹೊತ್ತಿಗೆ ಪರದೆಯ ಮೇಲೆ ತೋಳಿನ ತಿರುವು ಚುಕ್ಕೆ ಚುಕ್ಕೆಯಾಗಿ ಮೂಡತೊಡಗುತ್ತಿತ್ತು. ಅದೂ ಒಂದು ಸೈಜಿನದು. ಮಕ್ಕಳ ಕೋಟಿಗೆ ಎಂಟು ಸೈಜು. ಇಡೀ ಬಿಷ್ಕೆಕ್‌ನಲ್ಲಿ ನಮ್ಮಷ್ಟು ಚಹಾ ಕುಡಿಯುವ ಹೊಲಿಗೆ ಕಾರ್ಖಾನೆ ಇನ್ನೊಂದು ಇರಲಿಕ್ಕಿಲ್ಲ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಐದು ಮಹಡಿಯ ಹಳೇ ಕಟ್ಟಡದ ನೆಲಮಾಳಿಗೆ. ಕಿಟಕಿಯಿಂದ ಹೊರಗೆ ನೋಡಿದರೆ ಓಡಾಡುವವರ ಕಾಲು ಮಾತ್ರ ಕಾಣುತ್ತದೆ. ಅಲ್ಲಿ ಮಕ್ಕಳ ಕೋಟು ಹೊಲಿದು ದೊರ್ದೊಯ್ ಬಜಾರಿಗೆ ಕಳಿಸುತ್ತೇವೆ. ನಾನು ಬಟ್ಟೆ ಕತ್ತರಿಸುವವಳು, ಬುರುಲ್. ಕುಲಿಪಾ ಎಜೆ ನಮಗೆಲ್ಲ ಹಿರಿಯಕ್ಕ. ಪ್ಯಾಟರ್ನ್ ಮಾಡುವುದು ಅವರ ಕೆಲಸ. ಆ ಕಂಪ್ಯೂಟರೂ ಅವರದೇ. ಸೋವಿಯತ್ ಕಾಲದ ಉಡುಪಿನ ಕಾರ್ಖಾನೆ ಮುಚ್ಚಿದಾಗ ಸಂಬಳದ ಬದಲು ಒಬ್ಬೊಬ್ಬರಿಗೆ ಒಂದೊಂದು ಹಂಚಿದರಂತೆ. ಬೇರೆಯವರು ಬಟ್ಟೆಯ ಥಾನು, ಗುಂಡಿಯ ಡಬ್ಬ ಹೊತ್ತು ಮನೆಗೆ ಹೋದರೆ ಇವರು ಕಂಪ್ಯೂಟರನ್ನೂ ಅದಕ್ಕೆ ಜೋಡಿಸಿದ, ಪ್ಯಾಟರ್ನನ್ನು ಕಾಗದದ ಮೇಲೆ ಬರೆಯುವ ದೊಡ್ಡ ಪ್ಲಾಟರನ್ನೂ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಅಂದು ನಕ್ಕವರ ಥಾನು ಎಂದೋ ಮುಗಿದಿದೆ.

ಆ ಪೆಟ್ಟಿಗೆಯೊಳಗೆ ಇರುವುದು ಬರೀ ಆಕಾರಗಳಲ್ಲ. ಆಕಾರವಾದರೆ ಕಾಗದದ ಮೇಲೆ ತೆಗೆದಿಟ್ಟುಕೊಳ್ಳಬಹುದು. ಒಂದು ಸೈಜಿನಿಂದ ಮುಂದಿನ ಸೈಜಿಗೆ ಹೋಗುವಾಗ ಕುತ್ತಿಗೆ ಎಷ್ಟು ಅಗಲವಾಗಬೇಕು, ಭುಜ ಯಾವ ಕಡೆ ಸರಿಯಬೇಕು, ಬಗಲಿನ ತಿರುವು ಎಷ್ಟು ಆಳವಾಗಬೇಕು ಎನ್ನುವ ನಿಯಮ ಒಂದೊಂದು ಬಿಂದುವಿಗೂ ಅದರಲ್ಲಿದೆ. ನಮ್ಮ ಕಡೆಯ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬುದನ್ನು ಎಜೆ ವರ್ಷಗಟ್ಟಲೆ ಅಳೆದು ಅದರೊಳಗೆ ತುಂಬಿದ್ದಾರೆ. ಬೇರೆ ಯಾವ ಕಂಪ್ಯೂಟರಿಗೂ ಅದು ಓದಲು ಬರುವುದಿಲ್ಲ. ಅದನ್ನು ಓದುವ ಪ್ರೋಗ್ರಾಮಿಗೆ ಪೆಟ್ಟಿಗೆಯಲ್ಲಿ ಸಿಕ್ಕಿಸಿದ ಒಂದು ಉದ್ದನೆಯ ಕಾರ್ಡು ಬೇಕು; ಆ ಕಾರ್ಡು ಕೂರುವ ಜಾಗ ಈಗಿನ ಯಂತ್ರಗಳಲ್ಲಿಲ್ಲ.

ಈ ಬೇಸಿಗೆಯಲ್ಲಿ ಕಾರ್ಖಾನೆಯ ಒಡತಿ ಎಲ್ನೂರಾ ಒಂದು ಮಾತು ಹೇಳಿಹೋದಳು. ಕೆಟ್ಟವಳಲ್ಲ, ಅವಳಿಗೂ ಅವಳದೇ ತಾಪತ್ರಯ. ಶಾಲೆ ಶುರುವಾಗುವ ಮುಂಚೆ ಹೊಸ ಮಾದರಿಯ ಕೋಟು ಬಜಾರಿನಲ್ಲಿರಬೇಕು. ಪಕ್ಕದ ಬೀದಿಯ ಕಾರ್ಖಾನೆಯವರು ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗ್ಗೆ ಮಾದರಿ ನೋಡಿ ಸಂಜೆಗೆ ಬಟ್ಟೆ ಕತ್ತರಿಸುತ್ತಾರೆ. ನಮ್ಮಲ್ಲಿ ಒಂದು ಕೋಟಿನ ಎಲ್ಲ ಸೈಜು ಬರುವುದರೊಳಗೆ ವಾರ ಸವೆಯುತ್ತದೆ. ಒಂದು ಕೋಟು ಒಂದೇ ದಿನದ ಪಾಳಿಯಲ್ಲಿ ಮುಗಿಯುವ ಹಾಗೆ ಮಾಡಿದರೆ ಪೆಟ್ಟಿಗೆ ಇರಲಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ತರಿಸುತ್ತೇನೆ, ಪ್ಯಾಟರ್ನುಗಳನ್ನು ಮೊದಲಿನಿಂದ ಮಾಡೋಣ, ಈ ಪೆಟ್ಟಿಗೆ ಗುಜರಿಗೆ ಎಂದಳು. ಕುಲಿಪಾ ಎಜೆ ಆ ದಿನ ಎಂಟರ್ ಒತ್ತಿದ ಮೇಲೆ ಚಹಾಕ್ಕೆ ಏಳಲಿಲ್ಲ. ಪರದೆಯನ್ನೇ ನೋಡುತ್ತಾ ಕುಳಿತರು.

ನಾನು ಮಿರ್ಜಾನನ್ನು ಕರೆಸಿದೆ. ನನ್ನ ಗಂಡನ ತಮ್ಮ. ಊರಿಗೆಲ್ಲ ಅವನು ಚೊಲ್ಪಾನ್‌ಬೆಕ್. ಗಂಡನ ಕಡೆಯವರ ಹೆಸರು ನಾವು ಬಾಯಲ್ಲಿ ಹೇಳುವುದಿಲ್ಲವಾದ್ದರಿಂದ ನನಗೆ ಅವನು ಮದುವೆಯಾದ ದಿನದಿಂದಲೂ ಮಿರ್ಜಾ, ದೊಡ್ಡ ಸಾಹೇಬ. ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ. ಜೀವ ಇರುವುದು ಮಾತ್ರ ಹಳೇ ಕಂಪ್ಯೂಟರುಗಳಲ್ಲಿ. ನಮ್ಮತ್ತೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದ ಹಾಗೆ ಪೇರಿಸಿದ್ದಾನೆ. ಎಜೆಯ ಪೆಟ್ಟಿಗೆಯ ಮುಚ್ಚಳ ತೆಗೆದವನೇ ಮದುಮಗಳ ಮುಸುಕು ಸರಿಸಿದವನ ಹಾಗೆ ಉಸಿರು ಬಿಗಿಹಿಡಿದ. ಧೂಳೆಲ್ಲ ಬಿಟ್ಟು ನೋಡಿದರೆ ಎಲ್ಲವೂ ಮೊದಲ ದಿನ ಹೇಗಿತ್ತೋ ಹಾಗೇ ಇದೆಯಂತೆ. ಇಂಥದ್ದು ಎರಡು ಹೊತ್ತು ಊಟ ಬಿಟ್ಟರೂ ಸಿಗುವುದಿಲ್ಲವಂತೆ.

"ಊಟ ಬಿಡೋದು ಆಮೇಲೆ. ಇದನ್ನ ಓಡೋ ಹಂಗೆ ಮಾಡು ಮೊದ್ಲು," ಎಂದೆ.

"ಓಡೋದೇನ್ ಜೆಂಗೆ, ಹಾರಿಸ್ತೀನಿ ನೋಡಿ," ಎಂದ. ಅತ್ತಿಗೆಯ ಮುಂದೆ ಜಂಬ ಕೊಚ್ಚುವುದು ಮೈದುನರ ಹಕ್ಕು.

ಹಾರಿಸುವುದಕ್ಕೆ ಅವನು ಬಾಲ್ಕನಿಯಿಂದ ಒಂದು ಹೊಸಕಾಲದ ಮದರ್‌ಬೋರ್ಡ್ ತಂದ. ಹೊಸದೆಂದರೆ ಎಜೆಯದಕ್ಕಿಂತ ಹತ್ತು ವರ್ಷ ಚಿಕ್ಕದು, ಹತ್ತಾರು ಪಟ್ಟು ವೇಗದ್ದು, ಉದ್ದನೆಯ ಕಾರ್ಡು ಕೂರುವ ಜಾಗವೂ ಇರುವಂಥದ್ದು. ಕಾರ್ಡು ಕೂರಿಸಿ, ಡಿಸ್ಕು ಜೋಡಿಸಿ, ಪ್ರೋಗ್ರಾಮು ಎಬ್ಬಿಸಿದ. ಅದು ಕಣ್ಣು ಬಿಡುವ ಮೊದಲೇ ಒಂದು ಸಾಲು ಉಗುಳಿ ಸತ್ತುಹೋಯಿತು: ಸೊನ್ನೆಯಿಂದ ಭಾಗಿಸಲಾಗದು. ಮತ್ತೆ ಎಬ್ಬಿಸಿದ, ಮತ್ತೆ ಅದೇ. ಮಿರ್ಜಾನಿಗೆ ಬೇಜಾರಾಗಲಿಲ್ಲ, ಕಣ್ಣು ಅರಳಿತು. ಆ ಕಾಲದ ಎಷ್ಟೋ ಪ್ರೋಗ್ರಾಮುಗಳು ಏಳುತ್ತಲೇ ಯಂತ್ರಕ್ಕೆ ಸ್ವಲ್ಪ ಹೊತ್ತು ಎಣಿಸಲು ಹೇಳಿ ಅದರ ವೇಗ ತಿಳಿದುಕೊಳ್ಳುತ್ತವಂತೆ. ಈ ಯಂತ್ರ ಅಷ್ಟರಲ್ಲಿ ಎಷ್ಟು ಎಣಿಸಿಬಿಡುತ್ತದೆಂದರೆ, ಪ್ರೋಗ್ರಾಮಿನ ಲೆಕ್ಕವೇ ತಲೆಕೆಳಗಾಗುತ್ತದಂತೆ. ಪ್ರೋಗ್ರಾಮನ್ನೇ ತಿದ್ದೋಣವೆಂದರೆ ಅದು ಕಾರ್ಡಿನ ಜೊತೆ ಸೇರಿ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ; ಒಂದಕ್ಷರ ಬದಲಾದರೂ ಬಾಯಿ ಬಿಡುವುದಿಲ್ಲ.

"ಅಂದ್ರೆ ವೇಗ ಜಾಸ್ತಿಯಾಗಿ ಸತ್ತೋಯ್ತಾ?" ಎಂದರು ಕುಲಿಪಾ ಎಜೆ. ನಂಬಿಕೆ ಬರಲಿಲ್ಲ ಅವರಿಗೆ.

"ಹೌದು ಎಜೆ. ಇದಕ್ಕೆ ಹಳೇ ಬೋರ್ಡೇ ಬೇಕು. ಅದರೊಳಗೇ ಏನ್ ಬದಲಾಯಿಸ್ಬೋದು ನೋಡ್ಬೇಕು."

ಹಾಗಾಗಿ ಹಳೇ ಬೋರ್ಡನ್ನೇ ಮತ್ತೆ ಕೂರಿಸಿ ಮೂರೂ ಜನ ಅದರ ಮೇಲೆ ಬಗ್ಗಿದೆವು. ಪ್ರೊಸೆಸರನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು, ಅದನ್ನು ಮುಟ್ಟುವಂತಿಲ್ಲ. ಮೆಮೊರಿಯ ಅರ್ಧ ಜಾಗ ಖಾಲಿ ಇತ್ತು. ಡಿಸ್ಕನ್ನೂ ಬದಲಾಯಿಸಬಹುದು. ಮಿರ್ಜಾ ಮೆಮೊರಿ ಎಂದ. ಬಜಾರಿನಲ್ಲಿ ಯಾರನ್ನು ಕೇಳಿದರೂ ಮೆಮೊರಿ ಎನ್ನುತ್ತಾರೆ, ತಲೆನೋವಿಗೆಲ್ಲ ಒಂದೇ ಮಾತ್ರೆ ಕೊಡುವ ಔಷಧಿ ಅಂಗಡಿಯವರ ಹಾಗೆ. ನನಗೆ ಮಾತ್ರ ಬಹಳ ದಿನದಿಂದ ಒಂದು ಕುತೂಹಲವಿತ್ತು, ಕೇಳಿಯೇಬಿಟ್ಟೆ. ಜೇಬಿನ ಪ್ಯಾಟರ್ನ್ ಒತ್ತಿದ ಕೂಡಲೇ ಬರುತ್ತದೆ. ಬೆಲ್ಟಿನದೂ ಅಷ್ಟೆ. ತೋಳು, ಕಾಲರು ಮಾತ್ರ ಚಹಾ ಕುಡಿಸುತ್ತವೆ. ಯಾಕೆ?

ದೊಡ್ಡ ತುಂಡುಗಳಲ್ಲವೇ ಎಂದ ಮಿರ್ಜಾ. ಹಾಗಿದ್ದರೆ ಬೆನ್ನಿನ ತುಂಡು ಅತಿ ದೊಡ್ಡದು, ಅದು ತೋಳಿಗಿಂತ ಬೇಗ ಬರುತ್ತದೆ. ಪುಟಾಣಿ ಕಾಲರು ಬೆನ್ನಿಗಿಂತ ತಡ ಮಾಡುತ್ತದೆ. ಅವನು ತಲೆ ಕೆರೆದುಕೊಂಡ. ಆಮೇಲೆ ಎಜೆಗೆ ತೋಳು ಒತ್ತಲು ಹೇಳಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಡಿಸ್ಕಿನ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ತಿರುವು ಮೂಡುವವರೆಗೂ ಮತ್ತೆ ಹತ್ತಲಿಲ್ಲ. ಹಾಗಾದರೆ ಯಂತ್ರ ಡಿಸ್ಕಿಗಾಗಿ ಕಾಯುತ್ತಿಲ್ಲ. ಮೆಮೊರಿ ಸಾಲದಿದ್ದರೆ ಅದು ಡಿಸ್ಕಿನ ಕಡೆ ಓಡಬೇಕಿತ್ತು, ಆ ಕೊರತೆಯೂ ಇಲ್ಲ. ಮುಂದೆ ಟರ್ಬೊ ಗುಂಡಿ. ಆ ಕಾಲದ ಪೆಟ್ಟಿಗೆಗಳಲ್ಲಿ ಯಂತ್ರವನ್ನು ಬೇಕೆಂದೇ ನಿಧಾನ ಮಾಡಲು ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಮತ್ತೆ ತೋಳು ತರಿಸಿದೆವು. ಈ ಸಲ ನಾನು ಚಹಾ ಕುಡಿದು, ಪಿಯಾಲೆ ತೊಳೆದು, ಮಗಳಿಗೆ ಫೋನಿನಲ್ಲಿ ಅನ್ನದ ಪಾತ್ರೆ ಎಲ್ಲಿದೆ ಎಂದು ಹೇಳಿ ಬಂದರೂ ತಿರುವು ಅರ್ಧದಲ್ಲೇ ಇತ್ತು.

"ಯೋಚ್ನೆ ಮಾಡ್ತಿದೆ ಇದು. ಬೇರೇನೂ ಇಲ್ಲ, ಯೋಚ್ನೆ," ಎಂದ ಮಿರ್ಜಾ.

"ನೇರ ಗೆರೆಗೆ ಯೋಚ್ನೆ ಬೇಡ," ಎಂದರು ಎಜೆ. "ಬಟ್ಟೇಲೂ ಹಂಗೇ. ನೇರ ಹೊಲಿಗೆ ಯಾರ್ ಬೇಕಾದ್ರೂ ಹೊಲೀತಾರೆ. ತೋಳು ಕೂರಿಸ್ಬೇಕಾದ್ರೆ ಬೆವರು ಬರುತ್ತೆ."

ಮಿರ್ಜಾ ಅವರನ್ನೇ ನೋಡಿದ. ಆಮೇಲೆ ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದ. ಮೊದಲ ಪರದೆಯಲ್ಲಿ ನಾಲ್ಕೈದು ಸಾಲು ಬಂದು ಮಾಯವಾಗುತ್ತವೆ; ಅದರಲ್ಲೊಂದನ್ನು ಬೆರಳಿಟ್ಟು ಹಿಡಿದ. "ಕೋಪ್ರೊಸೆಸರ್: ಇಲ್ಲ" ಎಂದಿತ್ತು. ಈ ಸಾಲು ಯಾವಾಗಿಂದ ಬರುತ್ತಿದೆ ಎಂದು ಕೇಳಿದ.

"ಮೊದ್ಲಿಂದ್ಲೂ. ಯಾರೋ ಮೇಲಿನ ಸಾಹೇಬ್ರು ಇವತ್ತು ಬಂದಿಲ್ಲ ಅಂತಿದೆ ಅಂದ್ಕೊಂಡಿದ್ದೆ. ಕಾರ್ಖಾನೇಲಿ ಯಾವತ್ತೂ ಯಾರೋ ಒಬ್ರು ಬಂದಿರ್ತಿರ್ಲಿಲ್ಲ," ಎಂದರು ಎಜೆ.

ಪ್ರೊಸೆಸರಿನ ಪಕ್ಕದಲ್ಲೇ ಒಂದು ಚೌಕದ ಖಾಲಿ ಸಾಕೆಟ್ಟಿತ್ತು, ಸುತ್ತಲೂ ತೂತುಗಳ ಸಾಲು. ಆ ಸಾಹೇಬರ ಕುರ್ಚಿ ಅದು. ಆ ಕಾಲದ ಪ್ರೊಸೆಸರಿಗೆ ಪೂರ್ಣಾಂಕದ ಲೆಕ್ಕ ಮಾತ್ರ ಚೆನ್ನಾಗಿ ಬರುತ್ತದಂತೆ. ತಿರುವಿನ ಒಂದೊಂದು ಚುಕ್ಕೆಗೂ ದಶಾಂಶದ ಗುಣಾಕಾರ ಭಾಗಾಕಾರ ಬೇಕು. ಅದನ್ನು ಅದು ಬೆರಳು ಮಡಿಸಿ ಎಣಿಸುವವರ ಹಾಗೆ ಸುತ್ತು ಹಾಕಿ ಮಾಡುತ್ತದೆ. ಆ ಒಂದು ಕೆಲಸಕ್ಕೇ ಕೋಪ್ರೊಸೆಸರ್ ಎಂಬ ಬೇರೆ ಚಿಪ್ ಇತ್ತು, ಬೇಕಾದವರು ಹಾಕಿಸಿಕೊಳ್ಳುತ್ತಿದ್ದರು. ಉಡುಪಿನ ಕಾರ್ಖಾನೆಯವರು ದುಡ್ಡು ಉಳಿಸಲು ಹೋಗಿ ಅದನ್ನು ಬಿಟ್ಟಿದ್ದರು. ಪ್ರೋಗ್ರಾಮು ಅಷ್ಟು ವರ್ಷವೂ ಏಳುತ್ತಲೇ ಅವನೆಲ್ಲಿ ಎಂದು ಕೇಳುತ್ತಿತ್ತು.

ಅಂಥ ಚಿಪ್ ಎಲ್ಲಿ ಸಿಗುತ್ತದೆ ಎಂದರೆ ಮಿರ್ಜಾನ ಮುಖ ಸಪ್ಪಗಾಯಿತು. ಅದರ ಕಾಲುಗಳಿಗೆ ಚಿನ್ನದ ಲೇಪ. ಚಿನ್ನ ಇರುವ ಚಿಪ್ಪು ನಮ್ಮೂರಲ್ಲಿ ಚಿಪ್ಪಾಗಿ ಉಳಿಯುವುದಿಲ್ಲ. ಲೈಟ್ ಕಂಬಗಳ ಮೇಲೆಲ್ಲ ರೇಡಿಯೊ ಭಾಗ ಕೊಳ್ಳುತ್ತೇವೆ ಎಂಬ ಚೀಟಿ ಅಂಟಿಸಿರುತ್ತಾರಲ್ಲ, ಅವರು ಕೊಂಡು ಆಸಿಡ್ಡಿನಲ್ಲಿ ಕರಗಿಸುತ್ತಾರೆ.

ಭಾನುವಾರ ಹಳೇ ಸಾಮಾನಿನ ಸಂತೆಗೆ ಹೋದೆವು. ರೈಲುಹಳಿಯ ಪಕ್ಕ ಜನ ಚಾಪೆ ಹಾಸಿ ಕುಳಿತಿದ್ದರು: ಸಮೋವಾರ್, ಪದಕ, ಒಂಟಿ ಬೂಟು, ಪಿಯಾನೊದ ಪೆಡಲು. ಮಿರ್ಜಾ ತನ್ನಲ್ಲಿದ್ದ ಸತ್ತ ಬೋರ್ಡುಗಳನ್ನೆಲ್ಲ ಮೂಟೆ ಕಟ್ಟಿ ಹೆಗಲ ಮೇಲೆ ಹೊತ್ತಿದ್ದ. ಅಶೀರ್ ಬೈಕೆ ಎಂಬ ಗುಜರಿಯವನ ಬಳಿ ನಿಂತೆವು. ಅವನ ಮುಂದೆ ಬೆಳ್ಳಿ ತೂಗುವಂಥ ಚಿಕ್ಕ ತಕ್ಕಡಿ, ಹಿಂದೆ ಮೊಸರಿನ ಬಕೆಟ್ಟಿನ ತುಂಬ ಚಿಪ್ಪುಗಳು. ಅವನ ವ್ಯಾಪಾರವೆಲ್ಲ ತೂಕಕ್ಕೆ ತೂಕ: ಬಕೆಟ್ಟಿನಿಂದ ನೀವೊಂದು ತೆಗೆದರೆ ಅದರಲ್ಲಿರುವಷ್ಟೇ ಚಿನ್ನ ಬಿಡುವ ಇನ್ನೇನಾದರೂ ತಟ್ಟೆಗೆ ಹಾಕಬೇಕು. ನಾವು ಕಂಪ್ಯೂಟರಿಗೆ ಹಾಕಲು ಕೇಳುತ್ತಿದ್ದೇವೆ ಎಂದಾಗ ಅವನು ನಮ್ಮ ಮೂವರನ್ನೂ ಸರದಿಯಂತೆ ನೋಡಿದ.

"ಕಂಪ್ಯೂಟರಿಗೆ ಕೇಳಿದೋರು ನೀವೇ ಮೊದ್ಲು. ಮಿಕ್ಕೋರೆಲ್ಲ ಹಲ್ಲಿಗೆ ಕೇಳ್ತಾರೆ," ಎಂದ. ಅವನ ಬಾಯಲ್ಲೇ ನಾಲ್ಕು ಹೊಳೆದವು.

ಬಕೆಟ್ಟಿನಲ್ಲಿ ಕೈಯಾಡಿಸಿ ನಮಗೆ ಬೇಕಾದ ಜಾತಿಯವು ಮೂರು ಸಿಕ್ಕವು. ಉಗುರಿಗಿಂತ ದೊಡ್ಡ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬೂದು ಬಿಲ್ಲೆಗಳು, ಅಡಿಯಲ್ಲಿ ಚಿನ್ನದ ಮುಳ್ಳುಗಳ ಎರಡು ಸಾಲು. ಕುಲಿಪಾ ಎಜೆ ಅತಿ ಅಂದವಾದದ್ದನ್ನು ಎತ್ತಿಕೊಂಡರು. ಮೈತುಂಬ ಹೊಳಪು, ಒಂದು ಗೀರಿಲ್ಲ. ಮಿರ್ಜಾ ಅದರ ಬೆನ್ನು ಓದಿ ಪಕ್ಕಕ್ಕಿಟ್ಟ. ಇಪ್ಪತ್ತೈದು ಎಂದು ಬರೆದಿತ್ತು. ಪ್ರೊಸೆಸರು ನಲವತ್ತರ ವೇಗದಲ್ಲಿ ಓಡುತ್ತದೆ, ಜೊತೆಯವನೂ ಅಷ್ಟೇ ಓಡಬೇಕು. ಎರಡನೆಯದರ ಮೇಲೆ ಮೂವತ್ತಮೂರು. ಮೂರನೆಯದು ಗೀರುಬಿದ್ದ ಕುರೂಪಿ, ಆದರೆ ನಲವತ್ತು. ಮಿರ್ಜಾ ಮುಳ್ಳುಗಳನ್ನು ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿ, ಎರಡನ್ನೂ ಒಯ್ಯೋಣ ಎಂದ. ಮೂವತ್ತಮೂರು ಹೆಚ್ಚಿನದಕ್ಕೆ ಇರಲಿ ಎಂಬುದು ಅವನ ಆಸೆ.

"ಒಂದ್ ಕುರ್ಚಿಗೆ ಇಬ್ರು ಸಾಹೇಬ್ರು ಯಾಕೆ?" ಎಂದು ಎಜೆ ತಡೆದರು. ಮೂಟೆಯ ಬೋರ್ಡುಗಳೆಲ್ಲ ತಟ್ಟೆಗೆ ಹೋದವು, ಕುರೂಪಿ ನಮ್ಮ ಜೇಬಿಗೆ ಬಂತು.

ಮಾರನೆಯ ದಿನ ಕೆಲಸ ಮುಗಿದ ಮೇಲೆ ಮಿರ್ಜಾ ಬಂದು ಬೋರ್ಡನ್ನು ಒರೆಸಿ, ಸಾಕೆಟ್ಟಿನ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದ: ಚೌಕ, ತೂತುಗಳು, ಕೆಳಗಿನ ಎಡಮೂಲೆಯಲ್ಲಿ ಒಂದು ಚುಕ್ಕೆ. ಚಿಪ್ಪಿನ ಒಂದು ಮೂಲೆ ಕತ್ತರಿಸಿದ ಹಾಗಿರುತ್ತದೆ, ಅದು ಈ ಚುಕ್ಕೆಯ ಕಡೆ ಬರಬೇಕು ಎಂದು ಹೇಳುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಯಾವುದೋ ಕಟ್ಟಡದಲ್ಲಿ ಮದುವೆಗೆ ಹೊರಟ ಐದಾರು ಜನ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದರು. ಬಂದು ಹಾಕುತ್ತೇನೆ ಎಂದು ಓಡಿದ.

ಬರುವವರೆಗೆ ಕಾಯಬಹುದಿತ್ತು. ಆದರೆ ಚಿಪ್ಪು ಮೇಜಿನ ಮೇಲಿದೆ, ಸಾಕೆಟ್ಟು ಖಾಲಿ ಇದೆ, ನಕ್ಷೆ ಕೈಯಲ್ಲಿದೆ. ಎಜೆ ಒಮ್ಮೆ ಇಟ್ಟು ನೋಡುವುದರಲ್ಲಿ ತಪ್ಪೇನು ಎಂದರು. ನಾನು ದೀಪ ಹತ್ತಿರಕ್ಕೆ ಎಳೆದೆ. ಸಾಕೆಟ್ಟಿನಲ್ಲಿ ತೂತಿನ ಸಾಲು ಮೂರು, ಚಿಪ್ಪಿನಲ್ಲಿ ಮುಳ್ಳಿನ ಸಾಲು ಎರಡೇ. ಎಜೆ ಅದನ್ನೂ ಒಪ್ಪಿಕೊಂಡರು. ಹೊಲಿಗೆಗೆ ಬಿಡುವಂತೆ ಸುತ್ತ ಒಂದು ಸಾಲು ಅಂಚು ಬಿಟ್ಟಿದ್ದಾರೆ ಎಂದರು. ಅದು ಸರಿಯೇ ಆಗಿತ್ತಂತೆ. ತಪ್ಪಾದದ್ದು ಮುಂದಿನದು.

ನಮ್ಮ ಕಸುಬಿನಲ್ಲಿ ಬಟ್ಟೆಯ ಸೀದಾ ಮಗ್ಗುಲಿನ ಮೇಲೆ ಯಾರೂ ಗುರುತು ಹಾಕುವುದಿಲ್ಲ. ಹೊಳೆಯುವ ಮಗ್ಗುಲು ಯಾವಾಗಲೂ ಕೆಳಗೆ. ಉಲ್ಟಾ ಮಗ್ಗುಲಿನ ಮೇಲೆ ಸೀಮೆಸುಣ್ಣ. ಗುರುತು ಹೊಂದಿಸುವಾಗ ಸೀದಾ ಮಗ್ಗುಲನ್ನು ಕಣ್ಣಿಗೆ ಹಿಡಿದು ನೋಡುತ್ತೇವೆ, ಆಮೇಲೆ ಪುಟ ಮಗುಚಿದ ಹಾಗೆ ಮಗುಚಿ ಹಾಕುತ್ತೇವೆ. ಕೈಗೆ ಅದು ಎಷ್ಟು ಅಭ್ಯಾಸವೆಂದರೆ ನಾನು ಮನೆಯಲ್ಲಿ ಹಪ್ಪಳದಂಥ ಹಿಟ್ಟು ಲಟ್ಟಿಸಿದರೂ ಹಾಗೇ ಮಗುಚುತ್ತೇನೆ. ಚಿಪ್ಪಿನಲ್ಲಿ ಹೊಳೆಯುವುದು ಚಿನ್ನದ ಮುಳ್ಳುಗಳ ಕಡೆ. ಎಜೆ ಆ ಕಡೆಯನ್ನು ಕಣ್ಣಿಗೆ ಹಿಡಿದು, ಕತ್ತರಿಸಿದ ಮೂಲೆಯನ್ನು ನಕ್ಷೆಯ ಎಡಮೂಲೆಗೆ ಹೊಂದಿಸಿ, ಚಕ್ಕನೆ ಮಗುಚಿ ಸಾಕೆಟ್ಟಿಗೆ ಒತ್ತಿದರು. ನನ್ನ ಕಣ್ಣಿಗೂ ಅದೇ ಸರಿ ಎನಿಸಿತು. ಮುಳ್ಳುಗಳು ಎಲ್ಲ ಕಡೆ ಒಂದೇ ಸಮ ಇದ್ದುದರಿಂದ ಸಾಕೆಟ್ಟೂ ಬೇಡವೆನ್ನಲಿಲ್ಲ.

ಸ್ವಿಚ್ ಹಾಕಿದೆವು. ಯಂತ್ರ ಏಳುವಾಗ ಒಂದು ಕೀ ಎನ್ನುವ ಸದ್ದು ಮಾಡುತ್ತದೆ, ಅದು ಬರಲಿಲ್ಲ. ನೈಲಾನ್ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತ ವಾಸನೆ ಬಂತು. ನಾನು ಪ್ಲಗ್ ಕಿತ್ತೆ. ಎಜೆ ಚಿಪ್ಪನ್ನು ಮುಟ್ಟಿ ಬೆರಳನ್ನು ಬಾಯಿಗಿಟ್ಟುಕೊಂಡರು.

ಮಿರ್ಜಾ ಮದುವೆಯವರು ಕೊಟ್ಟ, ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ಪೊಟ್ಟಣ ಹಿಡಿದು ಬಂದಾಗ ನಾವಿಬ್ಬರೂ ಬಾಗಿಲಿನ ಬಳಿಯೇ ನಿಂತಿದ್ದೆವು. ಅವನು ಬೈಯಲಿಲ್ಲ. ಹೇಗೆ ಹಾಕಿದಿರಿ, ಇನ್ನೊಮ್ಮೆ ತೋರಿಸಿ ಎಂದ. ಎಜೆ ಹಿಡಿದು, ಹೊಂದಿಸಿ, ಮಗುಚಿ ತೋರಿಸಿದರು. ಮತ್ತೊಮ್ಮೆ ಎಂದ. ಮತ್ತೊಮ್ಮೆ ತೋರಿಸಿದರು. ಎಡಮೂಲೆ ಪ್ರತಿ ಸಲವೂ ಬಲಮೂಲೆಯಾಗುತ್ತಿತ್ತು, ನಮಗೆ ಮಾತ್ರ ಪ್ರತಿ ಸಲವೂ ಸರಿಯಾಗೇ ಕಾಣುತ್ತಿತ್ತು. ಕೊನೆಗೆ ಅವನು ನಾನು ಕತ್ತರಿಸಿಟ್ಟ ಕೋಟಿನ ತೋಳಿನ ತುಂಡೊಂದನ್ನು ತೆಗೆದು ಮಗುಚಿ, ಎಡತೋಳು ಬಲತೋಳಾಯಿತಲ್ಲ ಎಂದು ತೋರಿಸಿದ ಮೇಲೆ ಎಜೆ ಸ್ಟೂಲಿನ ಮೇಲೆ ಕುಳಿತರು.

"ಲಿಫ್ಟಲ್ಲಿ ಅಷ್ಟ್ ಜನ ಸಿಕ್ಕೊಂಡಿದ್ರು, ಒಬ್ರಿಗೂ ಏನೂ ಆಗ್ಲಿಲ್ಲ," ಎಂದ ಮಿರ್ಜಾ. "ಇಲ್ಲಿ ಸಾಹೇಬ್ರು ಕುರ್ಚೀಲಿ ಕೂತ್ಕೊಂಡೇ ಹೋಗ್ಬಿಟ್ರು."

ಯಾರೂ ನಗಲಿಲ್ಲ. ಯಂತ್ರವೂ ಹೋಗಿದ್ದರೆ? ಚಿಪ್ಪನ್ನು ಕಿತ್ತು ಸ್ವಿಚ್ ಹಾಕಿದ. ಕೀ ಎಂದಿತು. ಎಜೆ ಕಣ್ಣು ಮುಚ್ಚಿ ಬಿಟ್ಟರು. ಯಂತ್ರ ಉಳಿದಿತ್ತು, ಅದರ ನಿಧಾನವೂ ಉಳಿದಿತ್ತು. ಎಲ್ನೂರಾ ಆ ವಾರವೇ ಲ್ಯಾಪ್‌ಟಾಪಿನವರನ್ನು ಕರೆಸುವವಳಿದ್ದಳು.

ಮಿರ್ಜಾ ಅಶೀರ್ ಬೈಕೆಗೆ ಫೋನು ಮಾಡಿದ. ಬಕೆಟ್ಟು ಮನೆಯಲ್ಲಿದೆ, ಆಸಿಡ್ಡಿನ ಮಡಕೆ ಬಿಸಿಯಾಗುತ್ತಿದೆ ಎಂಬ ಉತ್ತರ ಬಂತು. ಮೂವರೂ ಮಿರ್ಜಾನ ಹಳೇ ಕಾರಿನಲ್ಲಿ ಊರಾಚೆ ಹೋದೆವು. ಬೇಸಿಗೆಯ ಬೆಳಕು ಇನ್ನೂ ಇತ್ತು. ಅಶೀರ್ ಬೈಕೆಯ ಅಂಗಳದಲ್ಲಿ ಒಂದು ಕಡೆ ಅವನ ಹೆಂಡತಿ ಲಗ್ಮಾನಿನ ಶಾವಿಗೆಗೆ ಹಿಟ್ಟು ಎಳೆಯುತ್ತಿದ್ದಳು. ಇನ್ನೊಂದು ಕಡೆ, ಜರ್ದಾಳು ಮರದಾಚೆ, ಅವನು ಕೈಗವಸು ಹಾಕಿಕೊಂಡು ಸುತ್ತಿಗೆಯಿಂದ ಚಿಪ್ಪು ಒಡೆಯುತ್ತಿದ್ದ. ಎಜೆ ಮೆಚ್ಚಿದ್ದ ಇಪ್ಪತ್ತೈದು ಆಗಲೇ ಚೂರಾಗಿ ಮಡಕೆಯಲ್ಲಿತ್ತು. ಮೂವತ್ತಮೂರು ಬಕೆಟ್ಟಿನ ತಳದಲ್ಲಿತ್ತು. ಸುಟ್ಟ ಚಿಪ್ಪನ್ನೇ ತಕ್ಕಡಿಗೆ ಹಾಕಿದೆವು. ಸತ್ತರೂ ಅದರ ಚಿನ್ನ ಕಡಿಮೆಯಾಗಿರಲಿಲ್ಲ. ಅಶೀರ್ ಬೈಕೆ ಒಪ್ಪಿದ. ಇದನ್ನೂ ಸುಟ್ಟರೆ ಮತ್ತೆ ತನ್ನಿ, ನನಗೇನು, ನೀವು ಬೇಯಿಸಿಕೊಟ್ಟಷ್ಟೂ ನನ್ನ ಸೌದೆ ಉಳಿಯುತ್ತದೆ ಎಂದ.

ದಾರಿಯುದ್ದಕ್ಕೂ ಚರ್ಚೆ ನಡೆಯಿತು. ಮೂವತ್ತಮೂರರ ಚಿಪ್ಪನ್ನು ನಲವತ್ತರ ಯಂತ್ರದಲ್ಲಿ ಓಡಿಸಬಹುದೇ? ಎಷ್ಟೋ ಜನ ಓಡಿಸುತ್ತಾರೆ, ಬಿಸಿಯಾಗುತ್ತದೆ, ಕೆಲವು ತಡೆದುಕೊಳ್ಳುತ್ತವೆ, ಕೆಲವು ಲೆಕ್ಕ ತಪ್ಪುತ್ತವೆ ಎಂದ ಮಿರ್ಜಾ. ಹಾಕಿ ನೋಡುವುದೇ ಅವನ ಇಷ್ಟ. ಎಜೆ 'ಲೆಕ್ಕ ತಪ್ಪುತ್ತವೆ' ಎಂಬ ಮಾತನ್ನು ಹಿಡಿದುಕೊಂಡರು. ಸುಟ್ಟರೆ ವಾಸನೆಯಾದರೂ ಬರುತ್ತದೆ. ತೋಳು ಒಂದು ಚೂರು ತಪ್ಪಾಗಿ ಬಂದು, ಅದನ್ನು ಥಾನುಗಟ್ಟಲೆ ಬಟ್ಟೆಯಲ್ಲಿ ಕತ್ತರಿಸಿದ ಮೇಲೆ ಗೊತ್ತಾದರೆ? ಹಾಗಾದರೆ ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದೆ. ಮಿರ್ಜಾ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ ನಮ್ಮ ಕಡೆ ತಿರುಗಿದ.

"ಇದೆ. ಆದ್ರೆ ನಗ್ಬೇಡಿ. ಯಂತ್ರಾನೇ ನಿಧಾನ ಮಾಡ್ಬೋದು."

ಬೋರ್ಡಿನ ಮೇಲೆ ತಗಡಿನ ಪುಟ್ಟ ಡಬ್ಬಿಯೊಂದಿದೆ, ಕ್ರಿಸ್ಟಲ್ ಎನ್ನುತ್ತಾರೆ. ಇಡೀ ಯಂತ್ರಕ್ಕೆ ತಾಳ ಹಾಕುವುದು ಅದು. ಅದನ್ನು ಕಿತ್ತು ನಿಧಾನದ್ದು ಹಾಕಿದರೆ ಪ್ರೊಸೆಸರೂ ಮೂವತ್ತಮೂರಕ್ಕೆ ಇಳಿಯುತ್ತದೆ. ಆಗ ಇಬ್ಬರೂ ಒಂದೇ ಹೆಜ್ಜೆ. ಆದರೆ ಚುರುಕು ಮಾಡಲು ಹೊರಟವರು ನಿಧಾನ ಮಾಡಿಕೊಂಡು ಬಂದರೆಂದು ಎಲ್ನೂರಾಗೆ ಹೇಳುವವರು ಯಾರು? ಜೇಬು, ಬೆಲ್ಟು ಈಗಿನಷ್ಟು ಬೇಗ ಬರುವುದಿಲ್ಲ. ತೋಳು ಎಷ್ಟು ಬೇಗವಾಗುತ್ತದೆ ಎಂದು ಅವನಿಗೂ ಖಚಿತವಿರಲಿಲ್ಲ.

ನನಗೆ ಅದು ವಿಚಿತ್ರವಾಗಿ ಕಾಣಲಿಲ್ಲ. ಹೊಲಿಗೆ ಸಾಲಿನಲ್ಲಿ ಕಾಲರ್ ಹಾಕುವವಳಿಗೆ ಅವಳ ಕೈ ಸಾಗುವಷ್ಟೇ ತುಂಡು ಕಳಿಸುತ್ತೇನೆ. ಹೆಚ್ಚು ಕಳಿಸಿದರೆ ರಾಶಿ ಬೀಳುತ್ತದೆ, ಹೊಲಿಗೆ ಸೊಟ್ಟಗಾಗುತ್ತದೆ, ಬಿಚ್ಚಿ ಹೊಲಿಯಬೇಕಾಗುತ್ತದೆ. ಅದನ್ನೇ ಹೇಳಿದೆ. ಎಜೆ ಹಿಂದಿನ ಸೀಟಿನಿಂದ, "ನಿಧಾನ ಮಾಡು," ಎಂದರು. ಮಿರ್ಜಾ ಕಾರಿನ ವೇಗ ತಗ್ಗಿಸಿದ. "ಕಾರಲ್ಲಪ್ಪ," ಎಂದು ಎಜೆ ಹೇಳಿದ ಮೇಲೆ ಆ ದಿನ ಮೊದಲ ಬಾರಿ ಮೂವರೂ ನಕ್ಕೆವು.

ಬೇಕಾದ ಕ್ರಿಸ್ಟಲ್ಲು ಬಾಲ್ಕನಿಯ ಒಂದು ಬೋರ್ಡಿನಲ್ಲಿತ್ತು. ಆ ಬೋರ್ಡು ನಮ್ಮತ್ತೆಯ ಹೂಕುಂಡದ ಅಡಿಯಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು ಮಿರ್ಜಾ ಅವರಿಗೆ ಹೊಸ ತಟ್ಟೆಯೊಂದನ್ನು ತಂದುಕೊಡಬೇಕಾಯಿತು. ಮರುದಿನ ಚಿಪ್ಪನ್ನು ಈ ಸಲ ಅವನೇ ಕೈಯಾರ ಕೂರಿಸಿದ, ಮುಳ್ಳು ಕೆಳಗೆ, ಬೂದು ಬೆನ್ನು ಮೇಲೆ, ಮಗುಚದೆ. ಎಜೆ ಎರಡೂ ಕೈ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ನೋಡಿದರು. ಸ್ವಿಚ್ ಹಾಕುವ ಹೊತ್ತಿಗೆ ಮೆಟ್ಟಿಲ ಮೇಲೆ ಎಲ್ನೂರಾಳ ಚಪ್ಪಲಿ ಸದ್ದು ಕೇಳಿತು. ಬಜಾರಿಗೆ ಮಾಲು ಒಯ್ಯುವ ಲಾರಿ ಹೊರಗೆ ನಿಂತಿತ್ತು, ಐದು ನಿಮಿಷ ಇದೆ ನನಗೆ ಎನ್ನುತ್ತಲೇ ಬಂದಳು.

ಯಂತ್ರ ಕೀ ಎಂದಿತು. ಸಾಹೇಬರು ಇದ್ದಾರೆ ಎಂದು ಮೊದಲ ಪರದೆ ಹೇಳಿತು. ಎಜೆ ತೋಳು ತೆಗೆದು, ಒಂದು ಬಿಂದು ಸರಿಸಿ, ಎಂಟರ್ ಒತ್ತಿದರು. ನಾನು ಅಭ್ಯಾಸಬಲದಿಂದ ನೀರಿಡಲು ಎದ್ದವಳು ನಿಂತುಬಿಟ್ಟೆ. ತಿರುವು ಬಂದಿತ್ತು. ಕೆಟಲಿನವರೆಗೂ ಹೋಗಿರಲಿಲ್ಲ ನಾನು. ಎಜೆ ನಂಬದೆ ಮತ್ತೆ ಒತ್ತಿದರು, ಮತ್ತೆ ಬಂತು. ಕಾಲರ್ ತೆಗೆದರು, ಬಂತು. ಬೆಲ್ಟ್ ತೆಗೆದರು, ಅದು ಮೊದಲಿಗಿಂತ ಒಂದು ಚೂರು ತಡವಾಯಿತೇನೋ, ಯಾರೂ ಗಮನಿಸಲಿಲ್ಲ.

ಎಲ್ನೂರಾ ಏನು ಹಾಕಿದಿರಿ ಎಂದು ಕೇಳಿದಳು. ಮಿರ್ಜಾ ನನ್ನ ಮುಖ ನೋಡಿದ. ಇಡೀ ಯಂತ್ರವನ್ನು ಸ್ವಲ್ಪ ನಿಧಾನ ಮಾಡಿದ್ದೇವೆ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಳು. ಹಾಗಾದರೆ ಒಂದು ದಿನದಲ್ಲಿ ಕೋಟು ಮುಗಿಯುತ್ತದೆಯೇ ಎಂಬುದು ಅವಳ ಪ್ರಶ್ನೆ. ಎಜೆಯನ್ನು ಎರಡು ಸಲ ಕೇಳಿದಳು.

ಎಜೆಗೆ ಕೇಳಿಸಿರಲಿಲ್ಲ. ಅವರು ಇದುವರೆಗೆ ಎಂದೂ ಮಾಡದ ಕೆಲಸವೊಂದನ್ನು ಮಾಡಿದ್ದರು: ಎಂಟೂ ಸೈಜಿನ ತೋಳನ್ನು ಒಂದರ ಮೇಲೊಂದು ಒಟ್ಟಿಗೆ ತರಿಸಿದ್ದರು. ಮೊದಲಾಗಿದ್ದರೆ ಅದಕ್ಕೆ ಒಂದು ಇಡೀ ದಿನ ಕಾಯಬೇಕಿತ್ತು, ಯಾರು ಕಾಯುತ್ತಾರೆ? ಪರದೆಯ ಮೇಲೆ ಎಂಟು ತಿರುವುಗಳು ಒಂದರೊಳಗೊಂದು ಕುಳಿತಿದ್ದವು, ಕತ್ತರಿಸಿದ ಈರುಳ್ಳಿಯ ಪದರಗಳ ಹಾಗೆ. ಆದರೆ ಒಂದು ಕಡೆ, ಬಗಲಿನ ಹತ್ತಿರ, ಐದನೆಯ ಮತ್ತು ಆರನೆಯ ಗೆರೆಗಳ ನಡುವೆ ಬೇರೆಡೆಗಿಂತ ಸಂದು ಕಿರಿದಾಗಿತ್ತು. ಎಜೆ ಅಲ್ಲಿಗೆ ಬೆರಳು ಇಟ್ಟರು.

"ಇದು ತಪ್ಪು," ಎಂದರು. "ನಂದೇ ತಪ್ಪು. ಇಷ್ಟು ವರ್ಷ ಒಂದೊಂದೇ ನೋಡ್ತಿದ್ದೆ, ಒಂದೊಂದೂ ಚೆನ್ನಾಗೇ ಕಾಣ್ತಿತ್ತು."

ಎಲ್ನೂರಾ ಬಗ್ಗಿ ನೋಡಿದಳು. ಆರನೇ ಸೈಜ್ ಎಂದರೆ ಎಷ್ಟು ವಯಸ್ಸಿನವರಿಗೆ ಎಂದು ಕೇಳಿದಳು. ಹತ್ತಕ್ಕೆ ಬಿದ್ದವರಿಗೆ ಎಂದೆ.

"ನಮ್ ಹುಡುಗ ಆ ಕೋಟ್ ಹಾಕ್ಕೊಂಡ್ರೆ ಕೈ ಎತ್ತೋಕಾಗಲ್ಲ ಅಂತಿದ್ದ," ಎಂದಳು ಎಲ್ನೂರಾ ನಿಧಾನವಾಗಿ. "ನಾನು ಹೊಲಿದೋರ್ನ ಬೈದಿದ್ದೆ."

ಎಜೆ ಒಂದು ಅಂಕಿ ಬದಲಿಸಿ ಎಂಟರ್ ಒತ್ತಿದರು. ಎಂಟೂ ಗೆರೆ ಅಲುಗಿ ಮತ್ತೆ ಕುಳಿತವು. ಸಂದು ಸ್ವಲ್ಪ ಬಿಚ್ಚಿತು, ಆದರೆ ಮುಂದಿನದು ಹಿಗ್ಗಿತು. ಇನ್ನೊಂದು ಅಂಕಿ. ಮತ್ತೆ ಎಂಟರ್. ಎಲ್ನೂರಾ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಹಿಂದಿನ ಕೋಟಿನಲ್ಲಿ ಭುಜವನ್ನೂ ಹೀಗೆ ನೋಡಬಹುದೇ ಎಂದು ಕೇಳಿದಳು. ನೋಡಬಹುದು ಎಂದರು ಎಜೆ, ಎಲ್ಲವನ್ನೂ ನೋಡಬಹುದು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಎರಡನೇ ಹಾರ್ನಿಗೆ ಅವಳು ಎದ್ದು, ಮೆಟ್ಟಿಲು ಹತ್ತುತ್ತಾ ಮಿರ್ಜಾನ ಕಡೆ ತಿರುಗಿ, ಪೆಟ್ಟಿಗೆಯ ಫ್ಯಾನು ಬಹಳ ಸದ್ದು ಮಾಡುತ್ತಿದೆ, ಅದಕ್ಕೂ ಒಳ್ಳೆಯದೊಂದು ಹುಡುಕಿ ಹಾಕು, ಇನ್ನು ದಿನಾ ಓಡಬೇಕಾದ ಯಂತ್ರ ಎಂದು ಹೇಳಿ ಹೋದಳು.

ಮಿರ್ಜಾ ಮಿಕ್ಕಿದ್ದ ಬೋರ್ಸೋಕ್ ಬಾಯಿಗೆ ಹಾಕಿಕೊಂಡು ಆಗಲೇ ಫ್ಯಾನಿನ ಅಳತೆ ತೆಗೆಯುತ್ತಿದ್ದ.

"ಬುರುಲ್," ಎಂದರು ಎಜೆ, ಕಣ್ಣು ಪರದೆಯಿಂದ ಕೀಳದೆ. "ಬೆನ್ನಿಂದೂ ಎಂಟು ಸೈಜ್ ತರಿಸೋಣ ಬಾ. ಅಲ್ಲಿ ಇನ್ನೇನೇನ್ ಮಾಡಿಟ್ಟಿದೀನೋ ನೋಡೇಬಿಡೋಣ."